ನಿಮಿಷಕ್ಕೆ ಎಂಬತ್ತು ಪದ

ಶುಕ್ರವಾರ ಬೋಳಾಗಿದ್ದ ಗೋಡೆ ಸೋಮವಾರ ಮೈತುಂಬ ಬಣ್ಣ ಹೊದ್ದು ನಿಂತಿತ್ತು. ಸ್ಲೇಟ್ ರನ್ ಎಂಬ ಗಣಿ ಊರಿನ ಶಾಲೆಯಲ್ಲಿ ಟೀಚರುಗಳು ಕಾಫಿ ಕುಡಿಯುವ ಕೋಣೆಯ ಗೋಡೆ ಅದು. ಮೇಲ್ಗಡೆ ಹಸಿರು ಚೀಟಿ, ನಡುವೆ ಹಳದಿ, ಕೆಳಗೆ ಹೀಟರಿಗೆ ತಾಗಿಕೊಂಡಂತೆ ಕೆಂಪು. ಒಂದೊಂದು ಚೀಟಿಯ ಮೇಲೂ ಮೂರನೇ ಕ್ಲಾಸಿನ ಒಂದು ಮಗುವಿನ ಫೋಟೋ, ಹೆಸರು, ಒಂದು ಅಂಕಿ. ಒಟ್ಟು ಇಪ್ಪತ್ತನಾಲ್ಕು. ಝೆಲ್ಲಾ ಕಟ್ಲಿಪ್ ಕೋಟು ಬಿಚ್ಚುವುದನ್ನೂ ಮರೆತು ನೋಡುತ್ತ ನಿಂತಳು. ಕೆಳಗಿನ ಸಾಲಿನ ಕೊನೆಯ ಚೀಟಿಯಲ್ಲಿ ಒಂದು ಹುಡುಗಿ, ಹಣೆಯ ಮೇಲಿನ ಕೂದಲನ್ನು ಯಾರೋ ಮನೆಯಲ್ಲೇ ಸೊಟ್ಟಗೆ ಕತ್ತರಿಸಿದ್ದಾರೆ. ರೇಲೀನ್ ಗ್ಯಾಂಡಿ. ಅಂಕಿ ಮೂವತ್ತೊಂದು.

ಝೆಲ್ಲಾಗೆ ಆಗ ಎಪ್ಪತ್ತೊಂದು ವರ್ಷ. ಕಲ್ಲಿದ್ದಲು ಕಂಪನಿ ಕಟ್ಟಿಸಿದ ಸಾಲುಮನೆಗಳಲ್ಲಿ ಹುಟ್ಟಿದವಳು, ಆರನೇ ಕ್ಲಾಸಿನಲ್ಲಿದ್ದಾಗ ತಾಯಿ ಹಾಸಿಗೆ ಹಿಡಿದಳೆಂದು ಶಾಲೆ ಬಿಟ್ಟು ತಮ್ಮಂದಿರನ್ನು ಸಾಕಿದವಳು. ಗಂಡ ಆರ್ವಲ್ ಗಣಿಯಲ್ಲಿ ಇಪ್ಪತ್ತೇಳು ವರ್ಷ ದುಡಿದು, ಎದೆಯೊಳಗೆ ಗಣಿಯ ಧೂಳನ್ನೇ ತುಂಬಿಕೊಂಡು ಸತ್ತ. ಅವನು ಹೋದ ಮೇಲೆ, ವಯಸ್ಸಾದವರನ್ನು ಶಾಲೆಗಳಿಗೆ ಕಳಿಸುವ ಒಂದು ಸರ್ಕಾರದ ಏರ್ಪಾಡಿನಲ್ಲಿ ಇಲ್ಲಿಗೆ ಬಂದಳು. ಹತ್ತೊಂಬತ್ತು ವರ್ಷದಿಂದ ಅದೇ ನೀಲಿ ಏಪ್ರನ್, ಮೆಟ್ಟಿಲ ಕೆಳಗೆ ಅದೇ ಸಣ್ಣ ಮೇಜು, ಎರಡು ಕುರ್ಚಿ. ಮಕ್ಕಳು ಒಬ್ಬೊಬ್ಬರಾಗಿ ಬಂದು ಪುಸ್ತಕ ಓದುತ್ತಾರೆ, ಅವಳು ಕೇಳುತ್ತಾಳೆ. ಅವಳ ಕೆಲಸ ಅಷ್ಟೇ. ತನಗೂ ಗೊತ್ತಿಲ್ಲದ ಪದ ಬಂದರೆ, "ಇದನ್ನ ನೀನೇ ಹೇಳು ನೋಡೋಣ, ನಿನ್ನ ಬುದ್ಧಿ ಎಷ್ಟಿದೆ ಅಂತ ಗೊತ್ತಾಗ್ಲಿ" ಎಂದು ಮಕ್ಕಳ ಮೇಲೇ ಹಾಕಿ ತಪ್ಪಿಸಿಕೊಳ್ಳುತ್ತಿದ್ದಳು. ಈಗ ಮೂರನೇ ಕ್ಲಾಸಿಗೆ ಟೀಚರಾಗಿರುವ ಕಾನಿ ಬಾಗ್ಸ್ ಕೂಡ ಎಂಟು ವರ್ಷದವಳಿದ್ದಾಗ ಆ ಮೇಜಿನ ಮುಂದೆ ಕುಳಿತು ಓದಿದವಳೇ. ಇವತ್ತಿಗೂ ಅವಳು ಝೆಲ್ಲಾಳನ್ನು ಅಜ್ಜಿ ಎಂದೇ ಕರೆಯುತ್ತಾಳೆ.

ಅವತ್ತು ಮಧ್ಯಾಹ್ನ ಲೈಬ್ರರಿಯಲ್ಲಿ ಮೀಟಿಂಗ್. ಜಿಲ್ಲಾ ಆಫೀಸಿನಿಂದ ಮೆರೆಡಿತ್ ಪೂಲ್ ಎಂಬ ಮೇಡಂ ಬಂದಿದ್ದಳು, ಗೋಡೆಗೆ ಚೀಟಿ ಅಂಟಿಸಿದವಳು ಅವಳೇ. ಮೂವತ್ತೈದರ ಆಸುಪಾಸು, ಹಸನ್ಮುಖಿ, ಕುತ್ತಿಗೆಯ ದಾರದಲ್ಲಿ ಮೂರು ಬೀಗದ ಕೈ.

"ಡೇಟಾ ಅಂದ್ರೆ ಯಾರೂ ಹೆದರ್ಕೋಬೇಡಿ," ಎಂದಳು. "ಮಕ್ಕಳು ಎಲ್ಲಿದ್ದಾರೆ ಅಂತ ಅದು ತೋರ್ಸುತ್ತೆ, ಅಷ್ಟೆ."

"ಎಲ್ಲಿರ್ತಾರೆ? ಊಟದ ಹಾಲಲ್ಲಿ, ನನ್ನ ತಲೆ ತಿಂತಾ ಇರ್ತಾರೆ," ಎಂದಳು ಬಿಸ್ಕತ್ತಿನ ತಟ್ಟೆ ಇಡಲು ಬಂದಿದ್ದ ಅಡುಗೆಯ ನಡೀನ್. ಎಲ್ಲರೂ ನಕ್ಕರು. ಪೂಲ್ ಕೂಡ ನಕ್ಕಳು.

ಆಮೇಲೆ ಎಲ್ಲರ ಕೈಗೂ ಒಂದು ಕಾಗದ ಬಂತು. ಇರುವೆ ಸಾಲಿನಂಥ ಅಕ್ಷರ, ಉದ್ದಕ್ಕೂ ಅಡ್ಡಕ್ಕೂ ಗೆರೆ. ಝೆಲ್ಲಾಳ ಕನ್ನಡಕ ಕಾರಿನಲ್ಲೇ ಉಳಿದಿತ್ತು. ಕಾಗದವನ್ನು ಓದದೆಯೇ ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡಳು. ಜೊತೆಗೊಂದು ಸ್ಟಾಪ್‌ವಾಚ್ ಗಡಿಯಾರವನ್ನೂ ಕೊಟ್ಟರು. ವಾರವಿಡೀ ಹೇಗಾದರೂ ಓದಿಸಬಹುದು, ಪ್ರತಿ ಶುಕ್ರವಾರ ಮಾತ್ರ ಮಗುವಿನ ಕೈಲಿ ಸರಿಯಾಗಿ ಒಂದು ನಿಮಿಷ ಗಟ್ಟಿಯಾಗಿ ಓದಿಸಿ ಎಷ್ಟು ಪದ ಓದಿತು ಎಂದು ಬರೆಯಬೇಕು. ಗೋಡೆಯ ಚೀಟಿಯ ಮೇಲಿನ ಅಂಕಿ ಅದೇ, ಹೆಚ್ಚು ಓದುವವರು ಹಸಿರು, ತೀರ ಕಡಿಮೆಯವರು ಕೆಂಪು. ಆ ಒಂದು ನಿಮಿಷದಲ್ಲಿ ಮಗು ಏನು ಕೇಳಿದರೂ ಉತ್ತರ ಕೊಡುವಂತಿಲ್ಲ.

"ನಿಮ್ಮ ಸಮಯ ಯಾರಿಗೆ ಹೋಗ್ಬೇಕು ಅನ್ನೋದನ್ನ ಗೋಡೇನೇ ಹೇಳುತ್ತೆ," ಎಂದು ಪೂಲ್ ಮಾತು ಮುಗಿಸಿದಳು.

ಆ ಮಾತು ಝೆಲ್ಲಾಗೆ ಚೆನ್ನಾಗಿಯೇ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು. ಗಣಿಯ ಬಾಯಿಯಲ್ಲಿ ಒಂದು ಹಲಗೆ ಇರುತ್ತದೆ. ಒಳಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅಲ್ಲಿ ತೂಗುಹಾಕಿ ಇಳಿಯಬೇಕು, ಮೇಲೆ ಬಂದವನೇ ತೆಗೆದುಕೊಂಡು ಮನೆಗೆ ಹೋಗಬೇಕು. ಅವಳ ಮದುವೆಯಾದ ಮೂರನೇ ವರ್ಷ ಒಳಗೆ ಚಾವಣಿ ಕುಸಿದಾಗ ಊರಿನ ಹೆಂಗಸರೆಲ್ಲ ಆ ಹಲಗೆಯ ಮುಂದೆ ನಿಂತಿದ್ದರು. ಹಲಗೆಯಲ್ಲಿ ಬಿಲ್ಲೆ ಉಳಿದಿದೆ ಎಂದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ. ಒಳಗೆ ಸಿಕ್ಕಿಕೊಂಡವರನ್ನು ಎತ್ತುವ ತಂಡದವರು ಬಂದು ಮೊದಲು ನೋಡುವುದೇ ಆ ಬಿಲ್ಲೆಗಳನ್ನು, ಮೊದಲು ಹೋಗುವುದೇ ಅವರ ಕಡೆಗೆ. ಹೊರಗೆ ಬಂದು ಹುಲ್ಲಿನ ಮೇಲೆ ಕೆಮ್ಮುತ್ತ ಕೂತವರ ಹಿಂದೆ ಯಾರೂ ಓಡುವುದಿಲ್ಲ. ಝೆಲ್ಲಾಗೆ ಟೀಚರುಗಳ ಗೋಡೆ ಹಾಗೆಯೇ ಕಂಡಿತು. ಕೆಂಪು ಚೀಟಿಯವರು ಇನ್ನೂ ಒಳಗಿದ್ದಾರೆ. ಸಮಯ ಹೋಗಬೇಕಾದ್ದು ಅವರಿಗಲ್ಲದೆ ಇನ್ನಾರಿಗೆ?

ಮರುದಿನದಿಂದಲೇ ಅವಳು ಕೆಂಪು ಸಾಲಿನ ಮೂವರನ್ನು ಆರಿಸಿಕೊಂಡಳು, ದಿನಕ್ಕೆ ಒಬ್ಬೊಬ್ಬರಿಗೆ ಅರ್ಧ ಗಂಟೆ. ಪೂಲ್ ಮೇಡಂ ಹೀಗೆ ಹೇಳಿರಬೇಕು ಎಂದು ಕಾನಿ ಸುಮ್ಮನಿದ್ದಳು. ಅತ್ತ ಪೂಲ್ ಮೆಟ್ಟಿಲ ಕೆಳಗಿನ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ, ಕಾನಿ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದಳು.

ರೇಲೀನ್ ಪ್ಯಾಂಥರ್ ಕಣಿವೆಯ ತುದಿಯ ಮನೆಯಲ್ಲಿ ತಾತನ ಜೊತೆ ಇದ್ದ ಹುಡುಗಿ. ಅವಳಿಗೆ ಓದಲು ಬರುತ್ತಿರಲಿಲ್ಲವೆಂದಲ್ಲ, ಓದು ಮುಂದಕ್ಕೆ ಹೋಗುತ್ತಿರಲಿಲ್ಲ. ಮೊದಲ ಶುಕ್ರವಾರ ಝೆಲ್ಲಾ ಗಡಿಯಾರ ಒತ್ತಿ ಕೂತಳು.

"ಕರಡಿ... ಅಡುಗೆಮನೆಗೆ... ಬಂತು," ಎಂದು ಓದಿದ ರೇಲೀನ್ ಬೆರಳನ್ನು ಅಲ್ಲೇ ಇಟ್ಟು ತಲೆ ಎತ್ತಿದಳು. "ಬಾಗ್ಲು ಯಾರು ತೆಗ್ದಿಟ್ಟಿದ್ರು ಅಜ್ಜಿ?"

ಉತ್ತರ ಕೊಡುವಂತಿಲ್ಲ. ಝೆಲ್ಲಾ ಪುಟದ ಕಡೆ ಕೈ ತೋರಿಸಿದಳು.

"ಬಂದು... ಮೇಜಿನ ಮೇಲಿದ್ದ... ಸೇಬಿನ ಪೈ ತಿಂತು. ಬಿಸಿ ಇತ್ತಾ? ಬಿಸಿ ಇದ್ರೆ ಬಾಯಿ ಸುಟ್ಟಿರ್ಬೇಕಲ್ಲ."

"ಗಡಿಯಾರ ಓಡ್ತಾ ಇದೆ ಕಣೇ ಮಗಾ."

"ಓಡ್ಲಿ ಬಿಡು. ಈ ಮನೇಲಿ ನಾಯಿ ಇಲ್ವಾ? ನಮ್ಮ ತಾತನ ನಾಯಿ ಆಗಿದ್ರೆ ಕರಡಿ ಅಂಗಳಾನೂ ದಾಟ್ತಿರ್ಲಿಲ್ಲ."

ಮೂವತ್ತೊಂದು ಎಂದು ಬರೆದುಕೊಂಡಳು ಝೆಲ್ಲಾ. ಉಳಿದ ನಾಲ್ಕು ದಿನ ಗಡಿಯಾರದ ಕಾಟವಿರಲಿಲ್ಲವಾದ್ದರಿಂದ ಇಬ್ಬರೂ ಸೇರಿ ಬಾಗಿಲು ತೆರೆದಿಟ್ಟವರು ಯಾರೆಂದು ಪುಸ್ತಕದ ತುಂಬ ಹುಡುಕಿದರು. ಹುಡುಕಲಿಕ್ಕೆ ಓದಲೇಬೇಕಲ್ಲ. ಕ್ರಿಸ್‌ಮಸ್ ರಜೆ ಶುರುವಾಗುವ ಹೊತ್ತಿಗೆ ಅಂಕಿ ಐವತ್ತೆರಡಕ್ಕೆ ಬಂದಿತ್ತು.

ಜನವರಿಯಲ್ಲಿ ಪೂಲ್ ಮತ್ತೆ ಬಂದಳು. ಲೈಬ್ರರಿಯ ಪರದೆಯ ಮೇಲೆ ಗೆರೆಗಳನ್ನು ತೋರಿಸಿ ತಾನೇ ಹಣೆ ಉಜ್ಜಿಕೊಂಡಳು.

"ಕೆಂಪಲ್ಲಿ ಮೂರು ಮಕ್ಕಳು ಇಷ್ಟು ಎದ್ದಿದ್ದಾರೆ. ಹಳದಿ ಆರು ಜನ ಇದ್ದಲ್ಲೇ ಇದ್ದಾರೆ. ಇದು ಹೇಗೆ ಅಂತ ನಂಗೆ ಗೊತ್ತಾಗ್ತಿಲ್ಲ."

ಹೆಡ್‌ಮಾಸ್ಟರ್ ಡಾರ್ಸಿ ಹ್ಯಾಮ್ರಿಕ್, ಚಳಿಗಾಲದಲ್ಲೂ ಬೆವರುವ ದಪ್ಪ ಮನುಷ್ಯ, ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟದ್ದರಿಂದ ಇರಬಹುದು ಎಂದ. ಹೊಸದಾಗಿ ತರಿಸಿದ ಕಂಪ್ಯೂಟರ್ ಪಾಠದಿಂದ ಇರಬಹುದು ಎಂದಿತು ಇನ್ನೊಂದು ದನಿ. ಹಿಮ ಬಿದ್ದರೆ ಕೆಂಪಿನವರೇ ಏಕೆ ಏಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಝೆಲ್ಲಾ ಶಾಲೆಯ ಮಗುವಿನಂತೆ ಕೈ ಎತ್ತಿದಳು.

"ಆ ಮೂವರು ನನ್ನ ಹತ್ರ ಬರೋರು."

ಪೂಲ್ ಮೆಲ್ಲನೆ ಕೇಳಿದಳು, "ನಿಮಗೆ ಕೊಟ್ಟಿದ್ದು ಹಳದಿ ಮಕ್ಕಳನ್ನಲ್ವಾ ಝೆಲ್ಲಮ್ಮ? ಕಾಗದದಲ್ಲಿ ಬರೆದಿತ್ತಲ್ಲ."

"ಕೆಳಗಿರೋರಿಗೆ ಮೊದ್ಲು ಅಂತ ನಾನಂದ್ಕೊಂಡೆ."

ಹ್ಯಾಮ್ರಿಕ್ ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಬಂದು ಕೂತ. ಅವನು ಒಳ್ಳೆಯವನು, ಅದೇ ತೊಂದರೆ. "ನೋಡಮ್ಮಾ. ಇಪ್ಪತ್ತನಾಲ್ಕು ಮಕ್ಕಳು. ಮೇ ತಿಂಗಳ ಪರೀಕ್ಷೇಲಿ ಹದಿನೈದು ಜನ ಪಾಸಾಗ್ಬೇಕು. ಇಲ್ಲಾಂದ್ರೆ ಈ ಶಾಲೆ ಮುಚ್ಚಿ ಗುಡ್ಡದಾಚೆ ಶಾಲೆಗೆ ಸೇರಿಸ್ತಾರೆ. ಹೋಗೋಕೆ ಬಸ್ಸಲ್ಲಿ ಒಂದೂಕಾಲು ಗಂಟೆ, ಬರೋಕೆ ಒಂದೂಕಾಲು ಗಂಟೆ. ಹಸಿರಲ್ಲಿ ಹನ್ನೊಂದು ಜನ ಇದ್ದಾರೆ. ಹಳದೀಲಿ ನಾಲ್ಕು ಜನ ಎದ್ರೆ ಆಯ್ತು, ಎಲ್ರೂ ಉಳ್ಕೊಂಡ್ವಿ."

"ಹತ್ರ ಇರೋರನ್ನ ಯಾಕೆ ಎಳೀಬೇಕು? ಅವ್ರು ನಡ್ಕೊಂಡೇ ಬರ್ತಾರಲ್ಲ."

"ಬಂದಿಲ್ವಲ್ಲಮ್ಮ. ನೋಡು, ಇದ್ದಲ್ಲೇ ಇದ್ದಾರೆ."

ಅದೂ ನಿಜವೇ. ಝೆಲ್ಲಾ ಪರದೆಯನ್ನು ನೋಡಿದಳು. ಹಳದಿ ಗೆರೆ ಮಲಗಿದ ಹಾವಿನಂತೆ ಬಿದ್ದಿತ್ತು. ತಾನು ಆ ಆರು ಮಕ್ಕಳಿಗೆ ಅನ್ಯಾಯ ಮಾಡಿದೆನೇ? ಇಲ್ಲವೆನ್ನಲು ಬರುತ್ತಿರಲಿಲ್ಲ. ಇಡೀ ಶಾಲೆ ಮುಚ್ಚಿದರೆ ರೇಲೀನ್ ಕೂಡ ಕತ್ತಲಲ್ಲಿ ಎದ್ದು ಆ ಬಸ್ಸನ್ನೇ ಹತ್ತಬೇಕು.

"ಹಾಗಾದ್ರೆ ಆ ಹುಡುಗಿ, ರೇಲೀನ್?"

ಪೂಲ್ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡುತ್ತಿದ್ದಳು. "ನಾನೂ ಟೀಚರಾಗಿದ್ದೋಳು ಝೆಲ್ಲಮ್ಮ. ನನ್ನ ಮನಸ್ಸು ಕಲ್ಲು ಅಂದ್ಕೋಬೇಡಿ. ಒಂದು ದಾರಿ ಇದೆ. ಎಂಬತ್ತು ದಾಟಿದ್ರೆ ಹಳದಿ. ಮಾರ್ಚ್ ಮಧ್ಯದೊಳಗೆ ರೇಲೀನ್ ನಿಮಿಷಕ್ಕೆ ಎಂಬತ್ತು ಪದ ಓದಿದ್ರೆ ಅವಳ ಅರ್ಧ ಗಂಟೆ ಅವಳಿಗೇ. ಅಲ್ಲೀವರೆಗೂ ಮೇಜಿಗೆ ಹಳದಿಯವ್ರು ಮಾತ್ರ."

ಅಂದಿನಿಂದ ಮೆಟ್ಟಿಲ ಕೆಳಗಿನ ಮೇಜಿಗೆ ಹಳದಿ ಮಕ್ಕಳು ಬಂದರು. ಒಳ್ಳೆಯ ಮಕ್ಕಳೇ, ಪಟಪಟ ಓದುತ್ತಿದ್ದರು, ಫೆಬ್ರವರಿಯಲ್ಲಿ ಅವರ ಗೆರೆಯೂ ಎದ್ದಿತು. ರೇಲೀನಳಿಗೆ ಝೆಲ್ಲಾ ಬೇರೆ ಜಾಗ ಹುಡುಕಿದಳು. ಪ್ಯಾಂಥರ್ ಕಣಿವೆಯ ಬಸ್ಸು ಎಲ್ಲಕ್ಕಿಂತ ಮೊದಲು, ಏಳು ಗಂಟೆ ಐದು ನಿಮಿಷಕ್ಕೇ ಬಂದುಬಿಡುತ್ತಿತ್ತು; ಕೆಂಪಿನ ಉಳಿದಿಬ್ಬರ ಬಸ್ಸು ತಡವಾಗಿ ಬರುತ್ತಿತ್ತು. ಬೆಳಗಿನ ತಿಂಡಿಗೆ ಇನ್ನೂ ಇಪ್ಪತ್ತೈದು ನಿಮಿಷ. ನಡೀನಳ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಗಳ ಪಕ್ಕದಲ್ಲಿ, ಇಬ್ಬರೂ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಆದರೆ ಇಪ್ಪತ್ತೈದು ನಿಮಿಷದಲ್ಲಿ ಕರಡಿಗೆ ಬಾಗಿಲು ತೆಗೆದವರು ಯಾರೆಂದು ಹುಡುಕುತ್ತ ಕೂತರೆ ಎಂಬತ್ತು ಎಲ್ಲಿಂದ ಬರಬೇಕು?

"ಕೇಳು ಮಗಾ," ಎಂದಳು ಝೆಲ್ಲಾ. "ಇವತ್ತಿಂದ ಕೇಳೋದೆಲ್ಲ ಬಾಯೊಳಗೇ ಇಟ್ಕೋ. ಕಣ್ಣು ಮುಂದಿನ ಪದದ ಮೇಲೆ, ನಾಲಿಗೆ ಈ ಪದದ ಮೇಲೆ. ಎಲ್ಲೂ ನಿಲ್ಬೇಡ."

"ಗೊತ್ತಾಗ್ದಿದ್ರೆ?"

"ಗೊತ್ತಾಗ್ದಿದ್ರೂ ನಿಲ್ಬೇಡ."

"ಹಾಗಾದ್ರೆ ಓದೋದು ಯಾಕಜ್ಜಿ?"

ನಡೀನ್ ಗ್ರೇವಿ ತಿರುವುತ್ತಲೇ ಕಿಸಕ್ಕನೆ ನಕ್ಕಳು. "ಹೇಳಮ್ಮಾ ಪಂಡಿತಮ್ಮ, ಉತ್ತರ ಹೇಳು."

"ನೀನು ನಿನ್ನ ಗ್ರೇವಿ ನೋಡ್ಕೊ, ತಳ ಹಿಡೀತಿದೆ," ಎಂದಳು ಝೆಲ್ಲಾ. "ನನ್ನ ಹತ್ರ ಕೂತು ಓದೋದು ನಿಂಗೆ ಇಷ್ಟಾನೋ ಇಲ್ವೋ?"

"ಇಷ್ಟ."

"ಅದಕ್ಕೇ."

ಹುಡುಗಿ ತಲೆಯಾಡಿಸಿದಳು. ಅರವತ್ತು ಆಯಿತು. ಅರವತ್ತಾರು ಆಯಿತು. ಪ್ರಶ್ನೆ ಬಂದಾಗ ರೇಲೀನಳ ತುಟಿ ಒಂದು ಕ್ಷಣ ಬಿಗಿಯುತ್ತಿತ್ತು, ಆಮೇಲೆ ಅದೂ ನಿಂತುಹೋಯಿತು. ಮಾರ್ಚ್ ಹದಿನಾರು, ಶುಕ್ರವಾರ, ಪೂಲ್ ಎದುರಿಗೇ ಅವಳು ಎಂಬತ್ತಮೂರು ಪದ ಓದಿದಳು. ಪೂಲ್ ಕಣ್ಣಲ್ಲಿ ನೀರೇ ಬಂತು. ಗೋಡೆಯಿಂದ ಕೆಂಪು ಚೀಟಿ ತೆಗೆದು, ಫೋಟೋವನ್ನು ಹಳದಿ ಚೀಟಿಗೆ ಅಂಟಿಸಿ, ರೇಲೀನಳ ಅಂಗಿಗೊಂದು ನಕ್ಷತ್ರ ಅಂಟಿಸಿದಳು. ಕಾನಿ ಚಪ್ಪಾಳೆ ತಟ್ಟಿದಳು. ಹ್ಯಾಮ್ರಿಕ್ ಝೆಲ್ಲಾಳ ಕೈ ಹಿಡಿದು ಕುಲುಕಿ, "ನಿನ್ನನ್ನೇ ಜಿಲ್ಲಾ ಆಫೀಸಿಗೆ ಕಳಿಸ್ಬೇಕು ನೋಡು" ಎಂದ.

ಸೋಮವಾರ ಹತ್ತೂವರೆಗೆ ರೇಲೀನ್ ಮೆಟ್ಟಿಲ ಕೆಳಗಿನ ಮೇಜಿಗೆ ಬಂದಳು. ಅರ್ಧ ಗಂಟೆ ಮತ್ತೆ ಅವಳದಾಗಿತ್ತು. ಒಬ್ಬ ಹುಡುಗ ದೋಣಿ ಕಟ್ಟುವ ಕತೆ, ನಾಲ್ಕು ಪುಟ. ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಗಾಡಿಯಂತೆ ಓದಿ ಮುಗಿಸಿ, ಕೈ ಕಟ್ಟಿ ಕೂತಳು.

"ದೋಣಿ ನೀರಿಗೆ ಬಿಟ್ಟಾಗ ಏನಾಯ್ತು?" ಎಂದು ಝೆಲ್ಲಾ ಕೇಳಿದಳು.

"ಗೊತ್ತಿಲ್ಲ."

"ಈಗ ತಾನೇ ಓದಿದ್ಯಲ್ಲೇ."

"ಓದ್ದೆ." ಹುಡುಗಿ ಮೇಜಿನ ಕಡೆ ನೋಡಿದಳು. "ಎಷ್ಟು ಬಂತು ಅಜ್ಜಿ?"

"ಇವತ್ತು ಗಡಿಯಾರ ಒತ್ತಿಲ್ಲ ಕಣೇ. ನಿಂಗೆ ಏನಾದ್ರೂ ಕೇಳ್ಬೇಕಾ?"

ರೇಲೀನ್ ಯೋಚಿಸಿದಳು. "ಇಲ್ಲ," ಎಂದಳು.

ಆ ವಾರವೆಲ್ಲ ಹಾಗೇ. ಝೆಲ್ಲಾ ತಾನೇ ಪ್ರಶ್ನೆ ಹುಟ್ಟಿಸಿ ನೋಡಿದಳು. ಹುಡುಗಿ ಮರ್ಯಾದೆಯಿಂದ "ಗೊತ್ತಿಲ್ಲ ಅಜ್ಜಿ" ಎಂದು ಪುಟ ತಿರುಗಿಸುತ್ತಿದ್ದಳು. ಗುರುವಾರ ಶಾಲೆ ಬಿಟ್ಟ ಮೇಲೆ ಝೆಲ್ಲಾ ಕಾನಿಯ ಕ್ಲಾಸಿಗೆ ಹೋಗಿ, ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಮೊಣಕಾಲು ಮಡಚಿ ಕೂತಳು.

"ಕಾನಿ, ಒಂದು ಮಾತು ಹೇಳು. ಆ ಹುಡುಗಿ ಮೇಲಕ್ಕೆ ಬಂದಿದ್ದಾಳೋ, ಕೆಳಕ್ಕೆ ಹೋಗಿದ್ದಾಳೋ?"

"ಚೀಟಿ ಮೇಲಕ್ಕೆ ಬಂದಿದೆ."

"ಚೀಟಿ ವಿಷ್ಯ ಅಲ್ಲ."

ಕಾನಿ ಕೈಲಿದ್ದ ಕಾಗದದ ಕಟ್ಟನ್ನು ಕೆಳಗಿಟ್ಟಳು. "ಮೇಲಕ್ಕೂ ಬಂದಿದ್ದಾಳೆ ಅಜ್ಜಿ. ಮೊದ್ಲು ಮಗ್ಗಿ ಲೆಕ್ಕದ ಪ್ರಶ್ನೇನೇ ಅವಳಿಗೆ ಓದೋಕಾಗ್ತಿರ್ಲಿಲ್ಲ, ಈಗ ಓದ್ತಾಳೆ. ಅದು ಸುಳ್ಳಲ್ಲ. ಆದ್ರೆ ಕ್ಲಾಸಲ್ಲಿ ಕೈ ಎತ್ತೋದು ಬಿಟ್ಟಿದ್ದಾಳೆ. ಅದೂ ಸುಳ್ಳಲ್ಲ."

"ಕೈ ಎತ್ತೋದನ್ನ ಎಲ್ಲಿ ಬರೀತೀರಿ?"

"ಎಲ್ಲೂ ಬರೆಯಲ್ಲ. ಅದಕ್ಕೆ ಕಾಲಮ್ ಇಲ್ಲ."

"ನಾನೇ ಬಾಯಿ ಮುಚ್ಚಿಸ್ದೆ," ಎಂದಳು ಝೆಲ್ಲಾ. "ಮುಚ್ಚಿಸ್ದೇ ಇದ್ದಿದ್ರೆ ನನ್ನ ಹತ್ರ ಬರ್ತಿರ್ಲಿಲ್ಲ. ಮುಚ್ಚಿಸಿದ್ದಕ್ಕೆ ಬಂದ್ಲು, ಆದ್ರೆ ಬಂದೋಳು ಅವಳಲ್ಲ. ಈ ಲೆಕ್ಕ ನಂಗೆ ಬಿಡಿಸೋಕೆ ಬರಲ್ಲಮ್ಮ."

ಕಾನಿ ಅಜ್ಜಿಯ ಕೋಟಿನ ಗುಂಡಿ ಹಾಕಿಕೊಟ್ಟು ಕಾರಿನವರೆಗೂ ಬಂದಳು, ಅಷ್ಟೇ.

ಮರುದಿನ ಶುಕ್ರವಾರ. ಅಂಕಿ ತೆಗೆದುಕೊಳ್ಳುವುದಕ್ಕೆ ಮೊದಲು ಝೆಲ್ಲಾ ಗಡಿಯಾರವನ್ನು ಹುಡುಗಿಯ ಕೈಗೆ ಕೊಟ್ಟಳು.

"ಇವತ್ತು ಮೊದ್ಲು ನಾನು ಓದ್ತೀನಿ. ನೀನು ನೋಡು."

ರೇಲೀನಳ ಕಣ್ಣು ಅರಳಿತು. ಗಂಟಲು ಸರಿಮಾಡಿಕೊಂಡು, ಪೂಲ್ ಮೇಡಂ ದನಿಯಲ್ಲೇ, "ರೆಡೀನಾ? ಶುರು ಮಾಡಿ," ಎಂದಳು.

ಒಬ್ಬ ಮುದುಕ ಹೇಸರಗತ್ತೆಯನ್ನು ಹೊಡೆದುಕೊಂಡು ಸಂತೆಗೆ ಹೊರಡುತ್ತಾನೆ, ಮಳೆ ಬರುತ್ತದೆ, ಹೊಳೆ ತುಂಬುತ್ತದೆ, ಮುದುಕ ಸಂಜೆಗೆ ನಡೆದುಕೊಂಡು ಮನೆ ಸೇರುತ್ತಾನೆ. ಝೆಲ್ಲಾ ಬೆರಳಿಟ್ಟು ಓದಿದಳು, ಎರಡು ಕಡೆ ಎಡವಿದಳು, ಒಂದು ಪದ ಬಿಟ್ಟೇ ಹೋದಳು. ಮುದುಕ ಮನೆ ಸೇರಿದಲ್ಲಿ ಅವಳ ಬೆರಳು ನಿಂತುಬಿಟ್ಟಿತು.

"ಐವತ್ತೆಂಟು," ಎಂದಳು ರೇಲೀನ್. "ಅಯ್ಯೋ ಅಜ್ಜಿ, ನೀನು ಕೆಂಪು! ಅಲ್ಲಿ ಯಾಕೆ ನಿಂತೆ? ನಿಲ್ಬಾರ್ದು ಅಂತ ನೀನೇ ಹೇಳಿದ್ದು."

"ಕತ್ತೆ ಎಲ್ಲಿ ಹೋಯ್ತು ಅಂತ ಯೋಚ್ನೆ ಬಂತು."

"ಅಲ್ಲೇ ಇರ್ಬೇಕು, ಬರೆದಿರ್ತಾರೆ."

"ನಂಗೆ ಕಾಣ್ಲಿಲ್ಲಪ್ಪ."

ರೇಲೀನ್ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದಳು, ಮತ್ತೆ ಮೇಲಕ್ಕೆ ಹೋದಳು. ಹುಬ್ಬು ಗಂಟಾಯಿತು. "ಬರ್ದಿಲ್ಲ," ಎಂದಳು ಸಿಟ್ಟಿನಿಂದ. "ಹೋಗ್ವಾಗ ಇತ್ತು, ಬರ್ವಾಗ ಇಲ್ಲ. ಮಾರಿದ್ನಾ? ಸಂತೆಗೆ ಮುಟ್ಟಿದ ಅಂತಾನೇ ಬರ್ದಿಲ್ವಲ್ಲ! ಹೊಳೇಲಿ ಹೋಯ್ತಾ?"

"ನಂಗೇನ್ ಗೊತ್ತು, ನಾನು ಕೆಂಪು."

ಹುಡುಗಿ ನಕ್ಕುಬಿಟ್ಟಳು. ಕಾರಿಡಾರಿನ ತುದಿಗೆ ಕೇಳಿಸುವ ಹಾಗೆ ನಕ್ಕಳು. ಆಮೇಲೆ ಅವಳ ಸರದಿ ಬಂತು. ಬೇರೆ ಪುಟ, ಬಾವಿ ತೋಡುವವರ ಕತೆ. ಝೆಲ್ಲಾ ಗಡಿಯಾರ ಒತ್ತಿದಳು. ಅರ್ಧ ನಿಮಿಷ ಗಾಡಿ ಓಡಿತು. ಆಮೇಲೆ ರೇಲೀನ್ ನಿಂತಳು.

"ಒಳಗಿಳಿದೋನಿಗೆ ಹಗ್ಗ ಯಾರು ಹಿಡ್ಕೊಂಡಿದ್ದಾರೆ?"

ಝೆಲ್ಲಾ ಪುಟದ ಕಡೆ ಕೈ ತೋರಿಸಿದಳು. ಹುಡುಗಿ ಓದಿದಳು, ಮತ್ತೆ ನಿಂತಳು, ಹಿಂದಿನ ಸಾಲಿಗೆ ಹೋಗಿ ಹಗ್ಗ ಹುಡುಕಿ ಬಂದಳು. ನಿಮಿಷ ಮುಗಿಯಿತು. ಎಪ್ಪತ್ತೊಂದು.

ರೇಲೀನ್ ಕುಣಿಯುತ್ತ ಕ್ಲಾಸಿಗೆ ಹೋದಳು. ಝೆಲ್ಲಾ ಕಾಗದದ ಮುಂದೆ ಕೂತಳು. ಎಂಬತ್ತೊಂದು ಎಂದು ಬರೆದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ, ಏಳನ್ನು ಎಂಟು ಮಾಡುವುದೇನು ದೊಡ್ಡ ಕೆಲಸ. ಪೆನ್ಸಿಲು ಎರಡು ಸಲ ಕಾಗದಕ್ಕೆ ತಾಗಿ ಹಿಂದೆ ಬಂತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಯಾವ ಮಗುವಿನ ಬಗ್ಗೆಯೂ ಅವಳು ಸುಳ್ಳು ಹೇಳಿರಲಿಲ್ಲ, ಓದಿದ್ದನ್ನು ಓದಿದೆ ಎಂದಿದ್ದಳು, ಓದದ್ದನ್ನು ಓದಿಲ್ಲ ಎಂದಿದ್ದಳು. ಎಪ್ಪತ್ತೊಂದು ಎಂದೇ ಬರೆದಳು. ಅಂಕಿಯ ಪಕ್ಕ, ಗೆರೆಗಳ ಹೊರಗಿನ ಖಾಲಿ ಜಾಗದಲ್ಲಿ, ಸೊಟ್ಟ ಅಕ್ಷರದಲ್ಲಿ "ಎರಡು ಸಲ ಕೇಳಿದಳು" ಎಂದೂ ಬರೆದಳು. ಅದನ್ನು ಯಾರು ಓದುತ್ತಾರೋ, ಓದಿದರೆ ಒಳ್ಳೆಯದೆಂದುಕೊಳ್ಳುತ್ತಾರೋ ಕೆಟ್ಟದ್ದೆಂದುಕೊಳ್ಳುತ್ತಾರೋ, ಅವಳಿಗೆ ತಿಳಿಯಲಿಲ್ಲ.

ಸೋಮವಾರ ಚೀಟಿ ಕೆಂಪಾಗಿ ಹೀಟರಿನ ಪಕ್ಕಕ್ಕೆ ಇಳಿದಿತ್ತು. ಹತ್ತೂವರೆಯ ಅರ್ಧ ಗಂಟೆ ಬೇರೆ ಮಗುವಿಗೆ ಹೋಗಿದೆ ಎಂದು ಕಾನಿ ಕಣ್ಣು ತಪ್ಪಿಸಿಯೇ ಹೇಳಿದಳು. ಆ ಹೊತ್ತಿಗಾಗಲೇ ಝೆಲ್ಲಾ ರೇಲೀನಳ ಜೊತೆ ಅಡುಗೆಮನೆಯಲ್ಲಿ ಇಪ್ಪತ್ತೈದು ನಿಮಿಷ ಕೂತು ಬಂದಿದ್ದಳು. ಬಸ್ಸಿಳಿದ ಹುಡುಗಿ ನೇರ ಅಲ್ಲಿಗೇ ಬಂದು, ನಡೀನಳ ಕೈಯಿಂದ ಬಿಸ್ಕತ್ತೊಂದನ್ನು ಕಿತ್ತುಕೊಂಡು, ಕತ್ತೆಯ ವಿಚಾರ ತಾತನನ್ನು ಕೇಳಿದೆ ಎಂದಿದ್ದಳು. ಹೊಳೆ ತುಂಬಿದರೆ ಹೇಸರಗತ್ತೆ ಈಜಿಕೊಂಡು ದಡ ಸೇರುತ್ತದೆ, ಮನುಷ್ಯನಿಗಿಂತ ಮೊದಲೇ ಮನೆಗೆ ಬಂದಿರುತ್ತದೆ ಎಂದನಂತೆ ತಾತ.

"ಹಂಗಾದ್ರೆ ಸರಿ ಹೋಯ್ತಲ್ಲ," ಎಂದಿದ್ದಳು ಝೆಲ್ಲಾ.

"ಎಲ್ಲಿ ಸರಿ ಹೋಯ್ತು? ಹಾಗಿದ್ರೆ ಪುಸ್ತಕದಲ್ಲಿ ಯಾಕೆ ಬರ್ದಿಲ್ಲ?" ಎಂದು ರೇಲೀನ್ ಬಾಯ್ತುಂಬ ಬಿಸ್ಕತ್ತು ಇಟ್ಟುಕೊಂಡೇ ಜಗಳಕ್ಕೆ ನಿಂತಿದ್ದಳು.